ಗೆರೆ ಹಿಡಿದು ಓಡುವ ರೋಬೋ: ಮೊದಲ ಸಲ ಮಾಡುವವರಿಗೆ

ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. "ಎಲ್ಲಾ ಜೋಡಿಸೀನ್ರಿ ಸರ್. ಆದ್ರ ಗೆರಿ ಬಿಟ್ಟು ಎಲ್ಲೆಲ್ಲೋ ಹೋಗ್ತೈತ್ರಿ. ಏನ್ ಮಾಡೂದ್ರಿ?" ಜಮಖಂಡಿಯಿಂದ, ಹುನಗುಂದದಿಂದ, ಮುದ್ದೇಬಿಹಾಳದಿಂದ, ಒಮ್ಮೊಮ್ಮೆ ಗೋಕಾಕದಿಂದ. ಕೇಳುವವರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರಿದ್ದಾರೆ, ಡಿಪ್ಲೊಮಾ ಹುಡುಗರಿದ್ದಾರೆ, ಮಗಳಿಗೆ ಮಾಡಿಕೊಡಲು ಕೂತು ತಾವೇ ಸಿಕ್ಕಿಹಾಕಿಕೊಂಡ ಅಪ್ಪಂದಿರೂ ಇದ್ದಾರೆ. ಎಲ್ಲರೂ ಮೊದಲು ಕೋಡ್, ಅಂದರೆ ರೋಬೋಗೆ ಬರೆದ ಸೂಚನೆಗಳನ್ನು ಕಳಿಸುತ್ತಾರೆ. ಹೆಚ್ಚಿನ ಸಲ ಕೋಡ್ ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ಬ್ಯಾಟರಿಯಲ್ಲಿ, ಹಾಕಲು ಮರೆತ ಒಂದು ವೈರಿನಲ್ಲಿ, ಇಲ್ಲವೇ ನೆಲದಲ್ಲಿ.

ಅದಕ್ಕೇ ಈ ಲೇಖನವನ್ನು ಬೇರೆ ಕ್ರಮದಲ್ಲಿ ಬರೆಯುತ್ತಿದ್ದೇನೆ. ಎಲ್ಲಾ ಜೋಡಿಸಿ ಕೊನೆಗೆ ಸ್ವಿಚ್ ಒತ್ತಿ ನೋಡುವುದು ಬೇಡ. ಒಂದು ಹಂತ ಮಾಡಿ, ಅದು ಕೆಲಸ ಮಾಡುತ್ತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಎರಡು ಭಾನುವಾರದ ಕೆಲಸ. ಒಂದೇ ದಿನದಲ್ಲಿ ಮುಗಿಸುತ್ತೇನೆ ಅನ್ನುವವರೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವುದು!

ಇದು ನೋಡುವುದು ಹೇಗೆ

ಬಿಳಿ ನೆಲದ ಮೇಲೆ ಹಚ್ಚಿದ ಕಪ್ಪು ಗೆರೆಯನ್ನು ಹಿಡಿದು ತಾನೇ ಓಡುವ ಈ ರೋಬೋಗೆ ಇರುವುದು ಎರಡು ಗಾಲಿ, ಎರಡು ಕಣ್ಣು, ಒಂದು ಮಿದುಳು. ಕಣ್ಣು ಅಂದರೆ ಐಆರ್ ಸೆನ್ಸರ್. ಐಆರ್, ಅಂದರೆ ಇನ್‌ಫ್ರಾರೆಡ್, ನಮಗೆ ಕಾಣದ ಒಂದು ಬೆಳಕು. ಟಿವಿ ರಿಮೋಟಿನ ತುದಿಯಿಂದ ಹೊರಡುವುದೂ ಇದೇ. ಸೆನ್ಸರಿನ ಮೂತಿಯಲ್ಲಿ ಪುಟ್ಟ ಬಲ್ಬಿನಂಥ ಎರಡು ಇರುತ್ತವೆ. ಗಾಜಿನಂತೆ ತಿಳಿಯಾಗಿರುವುದು ಬೆಳಕು ಬಿಡುತ್ತದೆ, ಕಪ್ಪನೆಯದು ವಾಪಸ್ ಬಂದ ಬೆಳಕನ್ನು ಹಿಡಿಯುತ್ತದೆ. ಬಿಳಿ ನೆಲ ಬೆಳಕನ್ನು ವಾಪಸ್ ಕಳಿಸುತ್ತದೆ. ಕಪ್ಪು ಪಟ್ಟಿ ನುಂಗಿಬಿಡುತ್ತದೆ.

ಎರಡು ಸೆನ್ಸರ್ ಗೆರೆಯ ಎಡಕ್ಕೊಂದು ಬಲಕ್ಕೊಂದು ಇರಬೇಕು. ರೋಬೋ ನೇರ ಇದ್ದಾಗ ಎರಡಕ್ಕೂ ಬಿಳಿಯೇ ಕಾಣುತ್ತದೆ. ಗೆರೆ ಎಡಕ್ಕೆ ತಿರುಗಿದರೆ ಎಡ ಸೆನ್ಸರ್ ಅದರ ಮೇಲೆ ಬರುತ್ತದೆ, ಆಗ ರೋಬೋ ಎಡಕ್ಕೆ ತಿರುಗಬೇಕು. ಬಲಕ್ಕೂ ಹಾಗೇ. ಎತ್ತಿನ ಗಾಡಿ ಹೊಡೆಯುವವರು ಹಗ್ಗ ಎಳೆಯುವುದನ್ನು ನೋಡಿದ್ದರೆ ಇದು ತಿಳಿಯಲು ಕಷ್ಟವಿಲ್ಲ.

ಏನೇನು ಬೇಕು

ಮಿದುಳಿಗೆ ಆರ್ಡುಯಿನೋ ಊನೋ. ಇದು ಅಂಗೈ ಅಗಲದ ಬೋರ್ಡ್. ನಾವು ಬರೆದ ಸೂಚನೆಗಳನ್ನು ನೆನಪಿಟ್ಟುಕೊಂಡು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಒರಿಜಿನಲ್ಲೇ ಬೇಕೆಂದಿಲ್ಲ, ಕಡಿಮೆ ಬೆಲೆಯ ನಕಲು ಬೋರ್ಡ್ ಸಾಕು. ಜೊತೆಗೆ ಅದರ ಯುಎಸ್‌ಬಿ ಕೇಬಲ್. ಅಂಗಡಿಯಲ್ಲಿ "ಪ್ರಿಂಟರ್ ಕೇಬಲ್" ಅಂದರೆ ಬೇಗ ಕೊಡುತ್ತಾರೆ.

ಓಡಿಸಲು ಎರಡು ಬಿಒ ಮೋಟಾರ್, ಅಂದರೆ ಹಳದಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಿಯರ್ ಇರುವ ಚಿಕ್ಕ ಮೋಟಾರ್. 100 ಅಥವಾ 150 ಆರ್‌ಪಿಎಂ ಸಾಕು. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. 300ರದ್ದು ತಂದರೆ ರೋಬೋ ತಿರುವಿನಲ್ಲಿ ಗೆರೆ ದಾಟಿ ಮಂಚದ ಕೆಳಗೆ ಹೋಗುತ್ತದೆ. ಮೋಟಾರಿಗೆ ಹೊಂದುವ ಎರಡು ಗಾಲಿ, ಮುಂದಕ್ಕೆ ಒಂದು ಕ್ಯಾಸ್ಟರ್. ಕ್ಯಾಸ್ಟರ್ ಅಂದರೆ ಎತ್ತ ಬೇಕಾದರೂ ಉರುಳುವ ಗುಂಡು ಗಾಲಿ.

ಎಲ್298ಎನ್ ಮೋಟಾರ್ ಡ್ರೈವರ್ ಒಂದು. ಆರ್ಡುಯಿನೋ ಪಿನ್ನಿಗೆ ಮೋಟಾರ್ ತಿರುಗಿಸುವಷ್ಟು ಕಸುವು ಇಲ್ಲ. ಅದು ಹೇಳಿದ್ದನ್ನು ಕೇಳಿ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಕೊಡುವ ಮಧ್ಯಸ್ಥ ಈ ಡ್ರೈವರ್. ಮೋಟಾರನ್ನು ನೇರ ಆರ್ಡುಯಿನೋಗೆ ಸಿಕ್ಕಿಸಿದರೆ ಬೋರ್ಡ್ ಸುಟ್ಟುಹೋಗಬಹುದು, ಹುಷಾರು.

ಐಆರ್ ಸೆನ್ಸರ್ ಮಾಡ್ಯೂಲ್ ಎರಡು. ಮಾಡ್ಯೂಲ್ ಅಂದರೆ ಸಿದ್ಧವಾಗಿ ಸಿಗುವ ಚಿಕ್ಕ ಬೋರ್ಡ್. ಮೂರು ತಗೊಳ್ಳಿ, ಒಂದು ಕೆಟ್ಟಿರುತ್ತದೆ. ಪಿನ್ನಿನಿಂದ ಪಿನ್ನಿಗೆ ಸಿಕ್ಕಿಸುವ ಜಂಪರ್ ವೈರ್, ಒಂದು ಸ್ವಿಚ್, ಬ್ಯಾಟರಿ, ಕಪ್ಪು ಇನ್ಸುಲೇಷನ್ ಟೇಪ್, ಚಿಕ್ಕ ಸ್ಕ್ರೂಡ್ರೈವರ್. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ವೈರ್ ಬೆಸೆಯುವ ಸೋಲ್ಡರ್, ವೈರ್, ಟೇಪ್ ಇವೆಲ್ಲ ಬಾಗಲಕೋಟೆಯ ಯಾವುದೇ ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುತ್ತವೆ. ಮಾಡ್ಯೂಲ್‌ಗಳಿಗೆ ಬೆಳಗಾವಿ ಅಥವಾ ಹುಬ್ಬಳ್ಳಿಗೆ ಹೋಗಿ, ಇಲ್ಲವೇ ಆನ್‌ಲೈನ್ ತರಿಸಿ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಹುಡುಗರು ಜಾಸ್ತಿ ಇರೋದರಿಂದ ಅಂಗಡಿಯವರಿಗೆ ಹೆಸರು ಹೇಳಿದರೆ ಸಾಕು, ತೆಗೆದು ಮುಂದಿಡುತ್ತಾರೆ. ಎಲ್ಲಾ ಸೇರಿ ಸುಮಾರು ಒಂದೂವರೆ ಸಾವಿರ ರೂಪಾಯಿ ಆಗುತ್ತದೆ, ಸ್ವಲ್ಪ ಹೆಚ್ಚು ಕಡಿಮೆ. ವಿಜ್ಞಾನ ಪ್ರದರ್ಶನದ ಹಿಂದಿನ ವಾರ ಆರ್ಡರ್ ಮಾಡಬೇಡಿ. ಕೊರಿಯರ್ ನಮ್ಮ ಊರುಗಳಿಗೆ ನಿಧಾನ.

1. ಮೊದಲು ಗೆರೆ, ಆಮೇಲೆ ರೋಬೋ

ಎಲ್ಲರೂ ಟ್ರ್ಯಾಕನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನೀವು ಅದನ್ನೇ ಮೊದಲು ಮಾಡಿ. ಯಾಕೆಂದರೆ ಸೆನ್ಸರ್ ಎಷ್ಟು ಅಗಲಕ್ಕೆ ಕೂರಬೇಕು ಅನ್ನುವುದನ್ನು ನಿರ್ಧರಿಸುವುದು ಗೆರೆಯ ಅಗಲ.

ನಮ್ಮ ಮನೆಗಳ ನೆಲ ಈ ಆಟಕ್ಕೆ ಒಗ್ಗುವುದಿಲ್ಲ. ಶಹಾಬಾದ್ ಫರಸಿ ಇದ್ದರೆ ಅದು ಬೂದು ಬಣ್ಣ, ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಸೆನ್ಸರ್ ಅರ್ಧ ಕಡೆ ಬಿಳಿ ಅನ್ನುತ್ತದೆ, ಅರ್ಧ ಕಡೆ ಕಪ್ಪು ಅನ್ನುತ್ತದೆ. ಇಳಕಲ್ ಗ್ರಾನೈಟ್ ಹಾಕಿಸಿದವರಿಗೆ ಬೇರೆ ತೊಂದರೆ. ಪಾಲಿಶ್ ಮಾಡಿದ ಕಲ್ಲು ಕನ್ನಡಿಯ ಹಾಗೆ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ, ಅದು ಸೆನ್ಸರಿಗೆ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಮೇಲಾಗಿ ಕಲ್ಲಿನಲ್ಲಿರುವ ಕಪ್ಪು ಚುಕ್ಕೆಗಳು. ಬಿಳಿ ಟೈಲ್ಸ್ ಪರವಾಗಿಲ್ಲ, ಆದರೆ ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ಕೊಳೆ ಕೂತಿದ್ದರೆ ರೋಬೋ ಅದನ್ನೇ ಗೆರೆ ಅಂದುಕೊಂಡು ಅಡುಗೆಮನೆಯತ್ತ ಹೊರಡುತ್ತದೆ.

ಹಾಗಾಗಿ ಸ್ವಂತ ನೆಲ ಮಾಡಿಕೊಳ್ಳಿ. ಬಿಳಿ ಚಾರ್ಟ್ ಪೇಪರ್ ನಾಲ್ಕನ್ನು ಹಿಂದಿನಿಂದ ಟೇಪ್ ಹಾಕಿ ಜೋಡಿಸಬಹುದು. ನನಗೆ ಇಷ್ಟವಾದದ್ದು ಹಳೆಯ ಫ್ಲೆಕ್ಸ್ ಬ್ಯಾನರ್. ಹಿಂಭಾಗ ಬಿಳಿ ಇರುವಂಥದ್ದು ನೋಡಿ ತನ್ನಿ. ಹುಟ್ಟುಹಬ್ಬದ ಶುಭಾಶಯದ ಬ್ಯಾನರುಗಳಿಗೆ ನಮ್ಮಲ್ಲೇನು ಕಡಿಮೆಯೇ? ಕೇಳಿದರೆ ಸುಮ್ನೆ ಕೊಡುತ್ತಾರೆ. ಮಡಚಬೇಡಿ, ಸುತ್ತಿ ಇಡಿ. ಮಡಿಕೆ ಬಿದ್ದರೆ ಕ್ಯಾಸ್ಟರ್ ಅಲ್ಲಿ ಎಡವುತ್ತದೆ, ಸೆನ್ಸರ್ ಮೇಲೆ ಕೆಳಗೆ ಆಗುತ್ತದೆ.

ಗೆರೆಗೆ ಕಪ್ಪು ಇನ್ಸುಲೇಷನ್ ಟೇಪ್, ವೈರ್‌ಮನ್‌ಗಳು ವೈರಿಗೆ ಸುತ್ತುವಂಥದ್ದು. ಅಗಲ ಸುಮಾರು 18 ಮಿಲಿಮೀಟರ್ ಇರುತ್ತದೆ, ನಮಗೆ ಅದು ಸರಿ. ಮೊದಲ ಟ್ರ್ಯಾಕ್ ಮೊಟ್ಟೆಯಾಕಾರ ಇರಲಿ. ತಿರುವುಗಳು ದೊಡ್ಡ ಊಟದ ತಾಟಿನ ಅಂಚಿಗಿಂತ ಬಿಗಿಯಾಗಬಾರದು. ಟೇಪನ್ನು ಎಳೆದು ಅಂಟಿಸಬೇಡಿ. ಎಳೆದರೆ ಮರುದಿನ ಅದು ಕುಗ್ಗಿ ತಿರುವಿನಲ್ಲಿ ಎದ್ದು ನಿಲ್ಲುತ್ತದೆ. ಏಪ್ರಿಲ್ ಬಿಸಿಲಿನಲ್ಲಂತೂ ಅಂಟು ಕರಗಿ ಟೇಪ್ ಜಾರುತ್ತದೆ. ತಿರುವಿಗೆ ಮೂರು ಮೂರು ಸೆಂಟಿಮೀಟರಿನ ತುಂಡು ಕತ್ತರಿಸಿ, ಒಂದರ ಅಂಚಿನ ಮೇಲೆ ಒಂದು ಬರುವಂತೆ ಹಚ್ಚಿ.

ಇಲ್ಲಿ ತುಂಬಾ ಜನ ಬೀಳುವ ಒಂದು ಗುಂಡಿ ಇದೆ. ಟೇಪ್ ಇಲ್ಲ ಅಂತ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯುವುದು. ನಮ್ಮ ಕಣ್ಣಿಗೆ ಅದು ಕಡುಕಪ್ಪು. ಆದರೆ ಬಹಳಷ್ಟು ಸ್ಕೆಚ್ ಪೆನ್ನಿನ ಶಾಯಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದೇ ಇಲ್ಲ. ಬೆಳಕು ಶಾಯಿ ದಾಟಿ ಹೋಗಿ ಕೆಳಗಿನ ಬಿಳಿ ಕಾಗದಕ್ಕೆ ಬಡಿದು ವಾಪಸ್ ಬರುತ್ತದೆ. ಸೆನ್ಸರಿಗೆ ಗೆರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಇಂಗಾಲ ಇರುವ ಕಪ್ಪು ಈ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ದೀಪದ ಕಾಡಿಗೆ ಅಂಥದ್ದು. ಇನ್ಸುಲೇಷನ್ ಟೇಪಿಗೂ ಇಂಗಾಲದ ಕಪ್ಪನ್ನೇ ಬೆರೆಸಿರುತ್ತಾರೆ.

2. ಚಾಸಿ

ಚಾಸಿ ಅಂದರೆ ಎಲ್ಲವೂ ಕೂರುವ ಹಲಗೆ. 15 ಸೆಂಟಿಮೀಟರ್ ಉದ್ದ, 10 ಅಗಲದ ತೆಳು ಪ್ಲೈವುಡ್ ಸಾಕು. ಸ್ವಿಚ್ ಬೋರ್ಡಿಗೆ ಹಾಕುವ ಶೀಟಿನ ತುಂಡೂ ಆದೀತು. ರಟ್ಟು ಬೇಡ, ಬ್ಯಾಟರಿ ಭಾರಕ್ಕೆ ಬಗ್ಗುತ್ತದೆ. ಮೋಟಾರ್ ಎರಡೂ ಹಿಂದೆ, ಕ್ಯಾಸ್ಟರ್ ಮುಂದೆ, ಬ್ಯಾಟರಿ ಮೋಟಾರುಗಳ ಮೇಲೆಯೇ ಬರುವ ಹಾಗೆ. ಭಾರ ಗಾಲಿಯ ಮೇಲಿದ್ದರೆ ಗಾಲಿ ಜಾರುವುದಿಲ್ಲ.

ಗಾಲಿಗಳು ಒಂದಕ್ಕೊಂದು ನೇರ ಇರಲಿ. ಕೈಯಿಂದ ತಳ್ಳಿ ನೋಡಿ. ಒಂದು ಮೀಟರ್ ನೇರ ಹೋದರೆ ಈ ಹಂತ ಮುಗಿಯಿತು.

3. ಮೋಟಾರಿಗೆ ವೈರ್

ಬಿಒ ಮೋಟಾರಿನ ಬೆನ್ನಿಗೆ ಎರಡು ತಾಮ್ರದ ಕಿವಿಗಳಿರುತ್ತವೆ, ಬಹಳ ನಾಜೂಕು. ವೈರ್ ಹಿಡಿದು ಒಮ್ಮೆ ಜಗ್ಗಿದರೆ ಕಿತ್ತು ಬರುತ್ತವೆ, ಆಮೇಲೆ ಮೋಟಾರ್ ಕಸ. ಕಿವಿಗೆ ವೈರ್ ಸೋಲ್ಡರ್ ಮಾಡಿ, ಆಮೇಲೆ ಆ ವೈರನ್ನು ಮೋಟಾರಿನ ಹಳದಿ ಮೈಗೆ ಟೇಪಿನಿಂದಲೋ ಹಾಟ್ ಗ್ಲೂ ಹಾಕಿಯೋ ಬಿಗಿ ಮಾಡಿ. ಎಳೆತ ಟೇಪಿನ ಮೇಲೆ ಬೀಳಲಿ, ಕಿವಿಯ ಮೇಲಲ್ಲ. ಕೈಯಲ್ಲಿ 104 ಎಂದು ಬರೆದ ಬಿಸ್ಕತ್ತಿನಂಥ ಚಿಕ್ಕ ಕೆಪಾಸಿಟರ್ ಇದ್ದರೆ ಎರಡು ಕಿವಿಗಳ ನಡುವೆ ಅದನ್ನೂ ಸೋಲ್ಡರ್ ಮಾಡಿ. ಮೋಟಾರಿನ ಒಳಗೆ ಕಿಡಿ ಹಾರಿದಾಗ ಆಗುವ ವಿದ್ಯುತ್ ಗದ್ದಲವನ್ನು ಅದು ನುಂಗಿಕೊಳ್ಳುತ್ತದೆ.

ಎರಡು ಪೆನ್‌ಸೆಲ್‌ಗಳನ್ನು ಸಾಲಾಗಿ ಹಿಡಿದು ಪ್ರತಿ ಮೋಟಾರಿಗೆ ಮುಟ್ಟಿಸಿ ನೋಡಿ. ನಿಧಾನವಾಗಿಯಾದರೂ ತಿರುಗಬೇಕು. ಸದ್ದು ಮಾತ್ರ ಬಂದು ಗಾಲಿ ತಿರುಗದಿದ್ದರೆ ಒಳಗಿನ ಗಿಯರ್ ಹೋಗಿದೆ, ಅಂಗಡಿಗೆ ವಾಪಸ್ ಕೊಡಿ.

4. ಬ್ಯಾಟರಿ: ಅರ್ಧ ಜನ ಸೋಲುವುದು ಇಲ್ಲೇ

ಚೌಕನೆಯ 9 ವೋಲ್ಟ್ ಬ್ಯಾಟರಿ ನಿಮಗೆ ಗೊತ್ತು. ಮಲ್ಟಿಮೀಟರಿನಲ್ಲಿ ಇರುತ್ತದೆ. ನೋಡಲು ಚೆಂದ, ಹಾಕಲು ಸುಲಭ, 9 ವೋಲ್ಟ್ ಅಂದರೆ ಜಾಸ್ತಿ ಅಂತ ಅನಿಸುತ್ತದೆ. ಈ ರೋಬೋಗೆ ಅದನ್ನು ಹಾಕಲೇಬೇಡಿ. ವೋಲ್ಟೇಜ್ ಅಂದರೆ ಟ್ಯಾಂಕಿನ ಎತ್ತರ, ಕರೆಂಟ್ ಅಂದರೆ ನಳದಲ್ಲಿ ಹರಿಯುವ ನೀರು ಅಂದುಕೊಳ್ಳಿ. ಈ ಬ್ಯಾಟರಿಯ ಟ್ಯಾಂಕ್ ಎತ್ತರದಲ್ಲಿದೆ, ಆದರೆ ಪೈಪು ಸ್ಟ್ರಾ ಅಷ್ಟು ಸಣ್ಣದು. ಎರಡು ಮೋಟಾರ್ ಒಟ್ಟಿಗೆ ಶುರುವಾದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೋ ಆರಿ ಮತ್ತೆ ಶುರುವಾಗುತ್ತದೆ. ರೋಬೋ ಬಿಕ್ಕಳಿಸಿದ ಹಾಗೆ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. "ಕೋಡ್ ತಪ್ಪಾಗಿದೆ ಸರ್" ಅಂತ ಬರುವ ವಿಡಿಯೋಗಳಲ್ಲಿ ಹೆಚ್ಚಿನವು ಇವೇ.

ಶಾಲೆಯ ಮಕ್ಕಳಿಗೆ ನಾನು ಹೇಳುವುದು ಆರು ರೀಚಾರ್ಜ್ ಪೆನ್‌ಸೆಲ್. ಒಂದೊಂದು 1.2 ವೋಲ್ಟ್, ಆರು ಸೇರಿ 7.2. ಭಾರ ಸ್ವಲ್ಪ ಜಾಸ್ತಿ, ಅಪಾಯ ಕಡಿಮೆ.

ದೊಡ್ಡವರು ಎರಡು 18650 ಲಿಥಿಯಂ ಸೆಲ್ ಹಾಕಬಹುದು. ಹೆಸರೇ ಅದರ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದು ಸೆಲ್ 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಎರಡನ್ನು ಸಾಲಾಗಿ ಹಾಕಿದರೆ 7.4. ಈ ಸೆಲ್‌ಗಳ ಜೊತೆ ಹುಡುಗಾಟ ಬೇಡ. ಪ್ಲಸ್ ಮೈನಸ್ ಒಂದಕ್ಕೊಂದು ತಾಗಿದರೆ ವೈರ್ ಕೆಂಪಗಾಗುತ್ತದೆ, ಬೆಂಕಿಯೂ ಹತ್ತಬಹುದು. ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿ ಸೆಲ್ ಹಾಕಬೇಡಿ. ಒಂದು ಸೆಲ್ಲಿನ ವೋಲ್ಟೇಜ್ 3ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಟಿಪಿ4056 ಅನ್ನುವ ಚಿಕ್ಕ ಚಾರ್ಜರ್ ಬೋರ್ಡ್ ಒಂದೇ ಸೆಲ್ಲಿನದು. ಸಾಲಾಗಿ ಜೋಡಿಸಿದ ಎರಡಕ್ಕೆ ಅದನ್ನು ಹಾಕಬಾರದು, ಹೊರತೆಗೆದು ಒಂದೊಂದನ್ನೇ ಚಾರ್ಜ್ ಮಾಡಿ. ರಾತ್ರಿ ಚಾರ್ಜಿಗೆ ಇಟ್ಟು ಮಲಗಬೇಡಿ. ಮೈಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅದು ಸುಳ್ಳು ಸೆಲ್. ಎಂಎಎಚ್ ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ, ಈ ಅಳತೆಯ ಒಳ್ಳೆಯ ಸೆಲ್‌ನಲ್ಲೇ ಅದು 3500ರ ಆಸುಪಾಸಿಗೆ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಸೆಲ್ ತೆಗೆಯುವ ವಿಡಿಯೋಗಳನ್ನು ನೋಡಿರುತ್ತೀರಿ. ನೋಡಿ, ಮಾಡಬೇಡಿ.

5. ಡ್ರೈವರ್, ಮತ್ತು ಎಲ್ಲರೂ ಮರೆಯುವ ಆ ಒಂದು ವೈರ್

ಬ್ಯಾಟರಿಯ ಪ್ಲಸ್ ಸ್ವಿಚ್ ದಾಟಿ ಡ್ರೈವರಿನ "12ವಿ" ಅಂತ ಬರೆದ ಸ್ಕ್ರೂ ಕಿಂಡಿಗೆ ಬರಲಿ. 12 ಅಂತ ಬರೆದಿದ್ದರೂ 7.4 ಕೊಟ್ಟರೆ ನಡೆಯುತ್ತದೆ. ಅದೇ ಕಿಂಡಿಯಿಂದ ಇನ್ನೊಂದು ವೈರ್ ಆರ್ಡುಯಿನೋದ "ವಿನ್" ಪಿನ್ನಿಗೆ. ಬ್ಯಾಟರಿಯ ಮೈನಸ್ ಡ್ರೈವರಿನ ಗ್ರೌಂಡಿಗೆ. ಗ್ರೌಂಡ್ ಅಂದರೆ ಎಲ್ಲ ವೋಲ್ಟೇಜುಗಳನ್ನೂ ಅಳೆಯುವ ಸೊನ್ನೆ ಗುರುತು. ಈಗ ಆ ಮರೆಯುವ ವೈರ್: ಡ್ರೈವರಿನ ಗ್ರೌಂಡಿನಿಂದ ಆರ್ಡುಯಿನೋ ಗ್ರೌಂಡಿಗೆ ಒಂದು ವೈರ್ ಹೋಗಲೇಬೇಕು. ಆರ್ಡುಯಿನೋ 5 ವೋಲ್ಟ್ ಅಂದರೆ ಡ್ರೈವರ್ "ಎಲ್ಲಿಂದ ಲೆಕ್ಕ ಹಾಕಿದ 5?" ಅಂತ ಕೇಳುತ್ತದೆ. ಇಬ್ಬರ ಸೊನ್ನೆಯೂ ಒಂದೇ ಆಗದಿದ್ದರೆ ಮಾತು ಹೊಂದುವುದಿಲ್ಲ. ಯುಎಸ್‌ಬಿ ಹಚ್ಚಿ ಟೆಸ್ಟ್ ಮಾಡುವಾಗ ಮೋಟಾರ್ ಹುಚ್ಚು ಹುಚ್ಚಾಗಿ ಆಡಿದರೆ ಮೊದಲು ಈ ವೈರ್ ನೋಡಿ.

ಮೋಟಾರಿನ ವೈರುಗಳು ಡ್ರೈವರಿನ ಎಡ ಬಲದ ಕಿಂಡಿಗಳಿಗೆ. ಇನ್ನು ಸೂಚನೆಯ ವೈರುಗಳು. ಮೋಟಾರಿನ ವೇಗ ನಿಯಂತ್ರಿಸುವ ಎರಡು "ಎನೇಬಲ್" ಪಿನ್ನುಗಳ ಮೇಲೆ ಕಪ್ಪು ಟೋಪಿಯಂಥ ಜಂಪರ್ ಇರುತ್ತದೆ, ಅವನ್ನು ಕಿತ್ತುಬಿಡಿ. ಟೋಪಿ ಇದ್ದಷ್ಟು ಹೊತ್ತು ಮೋಟಾರ್ ಪೂರ್ತಿ ವೇಗದಲ್ಲೇ ಓಡುತ್ತದೆ, ನೀವು ಕೋಡಿನಲ್ಲಿ ಎಷ್ಟೇ ಕಡಿಮೆ ಮಾಡಿ. ಟೋಪಿ ತೆಗೆದರೆ ಕೆಳಗೆ ಎರಡು ಪಿನ್ ಕಾಣುತ್ತವೆ. ಐಎನ್ ಪಿನ್ನುಗಳ, ಅಂದರೆ ಮೋಟಾರ್ ಯಾವ ಕಡೆ ತಿರುಗಬೇಕು ಅಂತ ಹೇಳುವ ಪಿನ್ನುಗಳ ಸಾಲಿನಲ್ಲಿರುವುದು ನಮಗೆ ಬೇಕಾದದ್ದು. ಅದರ ಹಿಂದಿನದು 5 ವೋಲ್ಟ್, ಅದನ್ನು ಮುಟ್ಟಬೇಡಿ.

ಎಡ ಎನೇಬಲ್ ಆರ್ಡುಯಿನೋದ 5ನೇ ಪಿನ್ನಿಗೆ, ಬಲದ್ದು 6ಕ್ಕೆ. ಐಎನ್ ಒಂದರಿಂದ ನಾಲ್ಕು ಕ್ರಮವಾಗಿ 7, 8, 9, 10ಕ್ಕೆ. 5 ಮತ್ತು 6ರ ಪಕ್ಕ ಬೋರ್ಡಿನಲ್ಲಿ ಅಲೆಯಂಥ ಗುರುತು ಇದೆ ನೋಡಿ. ಅಂಥ ಪಿನ್ನುಗಳು ಪಿಡಬ್ಲ್ಯುಎಂ ಕೊಡಬಲ್ಲವು. ಅಂದರೆ ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸಿ, ಹಚ್ಚಿದ ಹೊತ್ತನ್ನು ಹೆಚ್ಚು ಕಡಿಮೆ ಮಾಡಿ ಮೋಟಾರಿನ ವೇಗ ಬದಲಿಸುವುದು. 0 ಮತ್ತು 1ನೇ ಪಿನ್ನುಗಳನ್ನು ಖಾಲಿ ಬಿಡಿ, ಕಂಪ್ಯೂಟರ್ ಜೊತೆ ಮಾತಾಡಲು ಬೋರ್ಡಿಗೆ ಅವು ಬೇಕು.

ಈಗ ರೋಬೋವನ್ನು ಒಂದು ಡಬ್ಬಿಯ ಮೇಲೆ ಇಡಿ, ಗಾಲಿ ಗಾಳಿಯಲ್ಲಿರಲಿ. ಎರಡೂ ಮೋಟಾರ್ ಮುಂದಕ್ಕೆ ತಿರುಗುವಷ್ಟೇ ಚಿಕ್ಕ ಕೋಡ್ ಹಾಕಿ (ಕೋಡಿನ ಭಾಗಗಳು 7ನೇ ಹಂತದಲ್ಲಿವೆ). ಒಂದು ಗಾಲಿ ಹಿಂದಕ್ಕೆ ತಿರುಗಿದರೆ ಗಾಬರಿ ಬೇಡ. ಎರಡು ಮೋಟಾರ್ ಒಂದಕ್ಕೊಂದು ಬೆನ್ನು ಮಾಡಿ ಕೂತಿವೆ ಅಲ್ವಾ? ಆ ಮೋಟಾರಿನ ಎರಡು ವೈರುಗಳನ್ನು ಅದಲು ಬದಲು ಮಾಡಿ.

ಕಂಪ್ಯೂಟರಿಗೆ ಬೋರ್ಡೇ ಕಾಣುತ್ತಿಲ್ಲ ಅಂದರೆ ಕಾರಣ ಎರಡು. ನಕಲು ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಅನ್ನುವ ಚಿಪ್ ಇರುತ್ತದೆ, ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಇಲ್ಲವೇ ನಿಮ್ಮ ಕೇಬಲ್ ಕರೆಂಟ್ ಮಾತ್ರ ಕೊಡುವಂಥದ್ದು.

6. ಕಣ್ಣು ಕೂರಿಸುವುದು

ಇಲ್ಲಿ ಅವಸರ ಮಾಡಬೇಡಿ. ಒಂದು ಗಂಟೆ ಹಿಡಿದರೂ ಹಿಡಿಯಲಿ.

ಪ್ರತಿ ಸೆನ್ಸರಿಗೆ ಮೂರು ವೈರ್: 5 ವೋಲ್ಟ್, ಗ್ರೌಂಡ್, ಔಟ್. ಎಡದ ಔಟ್ 2ನೇ ಪಿನ್ನಿಗೆ, ಬಲದ್ದು 4ನೇ ಪಿನ್ನಿಗೆ. ಸೆನ್ಸರ್ ಬೆಳಕು ಬಿಡುತ್ತಿದೆಯೇ ಅಂತ ನೋಡಲು ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ತಿಳಿ ಬಲ್ಬಿನೊಳಗೆ ನೇರಳೆ ಬಣ್ಣದ ಮಿಣುಕು ಕಾಣುತ್ತದೆ. ಕಾಣದಿದ್ದರೆ ಟಿವಿ ರಿಮೋಟಿನ ಮೇಲೆ ಅದೇ ಕ್ಯಾಮೆರಾ ಹಿಡಿದು ನೋಡಿ. ಅಲ್ಲಿ ಕಂಡು ಇಲ್ಲಿ ಕಾಣದಿದ್ದರೆ ಮೂರನೇ ಸೆನ್ಸರ್ ತೆಗೆಯಿರಿ.

ಚಾಸಿಯ ಮುಂತುದಿಯಲ್ಲಿ ಸೆನ್ಸರ್ ಮೂತಿ ಕೆಳಗೆ ಮಾಡಿ ಕೂರಿಸಿ. ನೆಲದಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಮೂರರಿಂದ ಮೂರೂವರೆ ಸೆಂಟಿಮೀಟರ್ ಇರಲಿ. ಗೆರೆ ನಡುವೆ ಇದ್ದಾಗ ಎರಡೂ ಕಡೆ ಒಂದೆರಡು ಮಿಲಿಮೀಟರ್ ಬಿಳಿ ಮಿಕ್ಕರೆ ಸಾಕು. ಬಹಳ ದೂರ ಇಟ್ಟರೆ ರೋಬೋ ಕುಡಿದವರ ಹಾಗೆ ತೂರಾಡುತ್ತದೆ, ಬಹಳ ಹತ್ತಿರ ಇಟ್ಟರೆ ಎರಡೂ ಗೆರೆಯ ಮೇಲೇ ಕೂತು ನಡುಗುತ್ತದೆ. ಎರಡೂ ಒಂದೇ ಎತ್ತರದಲ್ಲಿವೆಯೇ ಅಂತ ನಾಣ್ಯಗಳನ್ನು ಪೇರಿಸಿ ಕೆಳಗೆ ಸರಿಸಿ ನೋಡಿ.

ಈಗ ತಿರುಪು. ಸೆನ್ಸರಿನ ಮೇಲೆ ನೀಲಿ ಡಬ್ಬಿಯಲ್ಲಿ ಒಂದು ಚಿಕ್ಕ ತಿರುಪು ಇದೆ. ಎಷ್ಟು ಬೆಳಕು ಬಂದರೆ ಬಿಳಿ ಅನ್ನಬೇಕು ಅನ್ನುವ ಗಡಿಯನ್ನು ಇದು ನಿರ್ಧರಿಸುತ್ತದೆ. ಸೆನ್ಸರ್ ಬಿಳಿ ಕಂಡಾಗ ಪಕ್ಕದ ಚಿಕ್ಕ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ರೋಬೋವನ್ನು ನಿಮ್ಮ ಅದೇ ಫ್ಲೆಕ್ಸಿನ ಮೇಲೆ, ಅದೇ ಬ್ಯಾಟರಿ ಹಾಕಿ ಇಡಿ. ಯುಎಸ್‌ಬಿ ಕರೆಂಟಿನಲ್ಲಿ ಮಾಡಿದ ಹೊಂದಾಣಿಕೆ ಬ್ಯಾಟರಿಗೆ ಬಂದಾಗ ಸ್ವಲ್ಪ ಸರಿಯುತ್ತದೆ. ಮೊದಲು ಗೆರೆಯ ಮೇಲೆ ಸೆನ್ಸರ್ ಇಟ್ಟು ತಿರುಪನ್ನು ನಿಧಾನ ತಿರುಗಿಸಿ, ಎಲ್‌ಇಡಿ ಹೊತ್ತುವ ಜಾಗ ನೋಡಿಕೊಳ್ಳಿ. ಆಮೇಲೆ ಬಿಳಿಯ ಮೇಲೆ ಇಟ್ಟು ಎಲ್‌ಇಡಿ ಆರುವ ಜಾಗ ನೋಡಿಕೊಳ್ಳಿ. ಈ ಎರಡರ ನಟ್ಟನಡುವೆ ತಿರುಪನ್ನು ನಿಲ್ಲಿಸಿ. ಬಹಳ ಜನ ಬಿಳಿಯಲ್ಲಿ ಹೊತ್ತಿತು, ಕಪ್ಪಿನಲ್ಲಿ ಆರಿತು ಅಂದ ಕೂಡಲೇ ಕೈ ಬಿಡುತ್ತಾರೆ. ಆಗ ತಿರುಪು ಯಾವುದೋ ಒಂದು ಅಂಚಿನಲ್ಲಿ ನಿಂತಿರುತ್ತದೆ. ಮೋಡ ಸರಿದು ಬೆಳಕು ಒಂದಿಷ್ಟು ಬದಲಾದರೆ ಸಾಕು, ಎಲ್ಲಾ ತಲೆಕೆಳಗು.

ತಿರುಪಿಗೆ ಜೋರು ಮಾಡಬೇಡಿ. ಕೊನೆ ಮುಟ್ಟಿದ ಮೇಲೂ ತಿರುಗಿಸಿದರೆ ಒಳಗೆ ಮುರಿಯುತ್ತದೆ.

7. ಕೋಡ್

ಪೂರ್ತಿ ಕೋಡನ್ನು ಇಲ್ಲಿ ಬೇಕಂತಲೇ ಕೊಡುತ್ತಿಲ್ಲ. ಕೊಟ್ಟರೆ ಕಾಪಿ ಮಾಡುತ್ತೀರಿ, ಪ್ರದರ್ಶನದಲ್ಲಿ ಗುರುಗಳು ಒಂದು ಸಾಲು ತೋರಿಸಿ ಇದೇನು ಅಂದರೆ ಬಾಯಿ ಕಟ್ಟುತ್ತದೆ. ಇರುವುದೇ ನಾಲ್ಕು ಸಂದರ್ಭ, ನೀವೇ ಬರೆಯಬಹುದು.

ಕೋಡಿನ "ಸೆಟಪ್" ಭಾಗ ಒಂದೇ ಸಲ ಓಡುತ್ತದೆ. ಅಲ್ಲಿ "ಪಿನ್‌ಮೋಡ್" ಬಳಸಿ 2 ಮತ್ತು 4 ಒಳಕ್ಕೆ, ಅಂದರೆ ಇನ್‌ಪುಟ್. 5ರಿಂದ 10 ಹೊರಕ್ಕೆ, ಅಂದರೆ ಔಟ್‌ಪುಟ್ ಅಂತ ಹೇಳಿ. "ಲೂಪ್" ಭಾಗ ಕರೆಂಟ್ ಇರುವ ತನಕ ಸುತ್ತುತ್ತಲೇ ಇರುತ್ತದೆ. ಅಲ್ಲಿ ಮೊದಲು "ಡಿಜಿಟಲ್‌ರೀಡ್" ನಿಂದ ಎರಡೂ ಸೆನ್ಸರ್ ಓದಿ. ಆಮೇಲೆ ಹೀಗೆ:

ಎರಡೂ ಬಿಳಿ: ಎರಡೂ ಮೋಟಾರ್ ಮುಂದಕ್ಕೆ.
ಎಡ ಕಪ್ಪು, ಬಲ ಬಿಳಿ: ಎಡ ಮೋಟಾರ್ ನಿಲ್ಲಲಿ, ಬಲ ಮೋಟಾರ್ ಓಡಲಿ. ರೋಬೋ ಎಡಕ್ಕೆ ತಿರುಗುತ್ತದೆ.
ಬಲ ಕಪ್ಪು, ಎಡ ಬಿಳಿ: ಬಲ ನಿಲ್ಲಲಿ, ಎಡ ಓಡಲಿ.
ಎರಡೂ ಕಪ್ಪು: ಎರಡೂ ನಿಲ್ಲಲಿ. ಟ್ರ್ಯಾಕಿನ ಕೊನೆಗೆ ಅಡ್ಡ ಟೇಪ್ ಹಾಕಿದರೆ ಅಲ್ಲಿ ತಾನೇ ನಿಲ್ಲುತ್ತದೆ.

ನಾವು ಬಳಸುವ ಸಾಮಾನ್ಯ ಮಾಡ್ಯೂಲಿನಲ್ಲಿ ಬಿಳಿ ಕಂಡರೆ "ಲೋ", ಕಪ್ಪು ಕಂಡರೆ "ಹೈ" ಬರುತ್ತದೆ. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ. ನಂಬಿ ಬರೆಯಬೇಡಿ, ಸೀರಿಯಲ್ ಮಾನಿಟರಿನಲ್ಲಿ ಎರಡರ ಬೆಲೆಯನ್ನೂ ಪ್ರಿಂಟ್ ಮಾಡಿ, ಕೆಳಗೆ ಟೇಪ್ ಸರಿಸಿ ನೋಡಿ. ಸೀರಿಯಲ್ ಮಾನಿಟರ್ ಅಂದರೆ ಬೋರ್ಡ್ ಹೇಳುವುದನ್ನು ಕಂಪ್ಯೂಟರಿನಲ್ಲಿ ಓದುವ ಕಿಟಕಿ.

ವೇಗಕ್ಕೆ "ಅನಲಾಗ್‌ರೈಟ್". 0ಯಿಂದ 255ರ ತನಕ ಯಾವ ಸಂಖ್ಯೆಯಾದರೂ ಕೊಡಬಹುದು. 120ರಿಂದ ಶುರು ಮಾಡಿ. ತೀರಾ ಕಡಿಮೆ ಕೊಟ್ಟರೆ ಮೋಟಾರ್ ಗುಂಯ್ ಅನ್ನುತ್ತದೆ, ಗಾಲಿ ತಿರುಗುವುದಿಲ್ಲ. ಲೂಪಿನೊಳಗೆ "ಡಿಲೇ" ಹಾಕಬೇಡಿ. ಅರ್ಧ ಸೆಕೆಂಡ್ ಡಿಲೇ ಅಂದರೆ ಅರ್ಧ ಸೆಕೆಂಡ್ ಕಣ್ಣು ಮುಚ್ಚಿ ಓಡಿದ ಹಾಗೆ.

8. ನೆಲಕ್ಕೆ ಬಿಡುವುದು

ಮೊದಲು ಕೈಯಲ್ಲಿ ಹಿಡಿದು ಗೆರೆಯ ಮೇಲೆ ಅತ್ತಿತ್ತ ಸರಿಸಿ, ಸರಿಯಾದ ಗಾಲಿ ನಿಲ್ಲುತ್ತಿದೆಯೇ ನೋಡಿ. ಆಮೇಲೆ ಬಿಡಿ.

ಗೆರೆ ಮುಟ್ಟಿದ ಕೂಡಲೇ ಹೊರಕ್ಕೆ ಹೋದರೆ ಎಡ ಬಲ ಅದಲು ಬದಲಾಗಿದೆ. ಕೋಡ್ ಮುಟ್ಟಬೇಡಿ, 2 ಮತ್ತು 4ರ ವೈರುಗಳನ್ನು ಬದಲಿಸಿ. ನೇರ ಗೆರೆಯಲ್ಲೂ ಒಂದೇ ಕಡೆ ವಾಲುತ್ತಿದ್ದರೆ ಒಂದು ಮೋಟಾರ್ ಚುರುಕು, ಇನ್ನೊಂದು ಸೋಮಾರಿ. ಒಂದೇ ಅಂಗಡಿಯಿಂದ ತಂದ ಎರಡು ಬಿಒ ಮೋಟಾರುಗಳೂ ಒಂದೇ ವೇಗದಲ್ಲಿ ಓಡುವುದನ್ನು ನಾನಿನ್ನೂ ನೋಡಿಲ್ಲ. ಚುರುಕಿನದ್ದಕ್ಕೆ ಐದೋ ಹತ್ತೋ ಕಡಿಮೆ ಕೊಡಿ. ತಿರುವಿನಲ್ಲಿ ಮಾತ್ರ ಗೆರೆ ತಪ್ಪಿದರೆ ವೇಗ ಇಳಿಸಿ. ಅದೂ ಸಾಲದಿದ್ದರೆ ಒಳಗಿನ ಗಾಲಿಯನ್ನು ನಿಲ್ಲಿಸುವ ಬದಲು ಹಿಂದಕ್ಕೆ ತಿರುಗಿಸಿ. ನಿನ್ನೆ ಓಡಿದ್ದು ಇವತ್ತು ಮಂಕಾಗಿದ್ದರೆ ಬ್ಯಾಟರಿ ಅಳೆಯಿರಿ. ಕ್ಯಾಸ್ಟರಿನಲ್ಲಿ ಕೂದಲು, ದಾರ, ಎರೆಮಣ್ಣಿನ ಧೂಳು ಸಿಕ್ಕಿದೆಯೇ ನೋಡಿ. ನಮ್ಮ ಕಡೆಯ ಧೂಳು ಸೆನ್ಸರಿನ ಕಣ್ಣಿಗೂ ಕೂರುತ್ತದೆ, ಹತ್ತಿಯಿಂದ ಒರೆಸಿ.

ಇದು ನೆಟ್ಟಗಾದ ಮೇಲೆ ಐದು ಸೆನ್ಸರಿನ ಪಟ್ಟಿ, ಪಿಐಡಿ ಇವುಗಳ ಕಡೆ ಹೋಗಬಹುದು. ಪಿಐಡಿ ಅಂದರೆ ಗೆರೆಯಿಂದ ಎಷ್ಟು ಸರಿದಿದ್ದೇವೆ ಅನ್ನುವುದಕ್ಕೆ ತಕ್ಕಷ್ಟೇ ತಿರುಗುವ ಲೆಕ್ಕ. ಕಾಲೇಜು ಫೆಸ್ಟುಗಳಲ್ಲಿ ಸರ್ರನೆ ಓಡುವುದು ಅಂಥವು. ಎರಡು ಸೆನ್ಸರ್ ಪಳಗುವ ಮುಂಚೆ ಅತ್ತ ಹೋಗಬೇಡಿ.

ಪ್ರದರ್ಶನದ ದಿನ

ನಾನು ಮೊದಲ ಸಲ ಮಾಡಿದ ರೋಬೋ ಮನೆಯಲ್ಲಿ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಇಪ್ಪತ್ತು ಸುತ್ತು ತಪ್ಪಿಲ್ಲದೆ ಓಡಿತ್ತು. ಮರುದಿನ ವಿಜಯಪುರದ ಒಂದು ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಅದು ಒಂದು ಸುತ್ತೂ ಓಡಲಿಲ್ಲ. ಶಾಮಿಯಾನದ ತೂತಿನಿಂದ ಬಿಸಿಲು ಟ್ರ್ಯಾಕಿನ ಮೇಲೆ ಬಿದ್ದಿತ್ತು. ಸೂರ್ಯನ ಬೆಳಕಿನಲ್ಲಿ ಇನ್‌ಫ್ರಾರೆಡ್ ಧಾರಾಳ. ಸೆನ್ಸರಿಗೆ ಕಪ್ಪು ಟೇಪೂ ಬಿಳಿಯಾಗಿ ಕಂಡಿತು. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬಿನಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ತಂತಿ ಬಲ್ಬಿನಲ್ಲಿ ಇದೆ.

ಹಾಗಾಗಿ ನಿಮ್ಮ ಟೇಬಲನ್ನು ಕೋಣೆಯೊಳಗೆ ಕೇಳಿ ಪಡೆಯಿರಿ, ಕಿಟಕಿಯಿಂದ ದೂರ. ಹೊರಗೇ ನಿಲ್ಲಿಸಿದರೆ ಸೆನ್ಸರುಗಳ ಸುತ್ತ ಇನ್ಸುಲೇಷನ್ ಟೇಪಿನಿಂದಲೇ ಲಂಗದ ಹಾಗೆ ಒಂದು ಮರೆ ಕಟ್ಟಿ, ನೆಲಕ್ಕೆ ತಾಗದಷ್ಟು ಉದ್ದ. ಟ್ರ್ಯಾಕ್ ನಿಮ್ಮದೇ ಒಯ್ಯಿರಿ, ಅಲ್ಲಿಯ ನೆಲದ ಮೇಲೆ ಟೇಪ್ ಹಚ್ಚಲು ಹೋಗಬೇಡಿ. ಚಾರ್ಜ್ ಆದ ಇನ್ನೊಂದು ಜೊತೆ ಸೆಲ್, ಟೇಪಿನ ಸುರುಳಿ, ನಾಲ್ಕು ಜಂಪರ್ ವೈರ್ ಚೀಲದಲ್ಲಿರಲಿ. ಚಿಕ್ಕ ಸ್ಕ್ರೂಡ್ರೈವರ್ ಮಾತ್ರ ಅಂಗಿ ಜೇಬಿನಲ್ಲೇ ಇಟ್ಟುಕೊಳ್ಳಿ. ಮಧ್ಯಾಹ್ನ ಬಿಸಿಲು ಬಾಗಿಲಿನಿಂದ ಒಳಗೆ ಬಂದಾಗ ಆ ನೀಲಿ ಡಬ್ಬಿಯ ತಿರುಪನ್ನು ಇನ್ನೊಮ್ಮೆ ತಿರುಗಿಸಬೇಕಾಗುತ್ತದೆ.